ಬಂಗಲೆಯ ಜಗಲಿ

ಉರಿಗಾಂನಲ್ಲಿ ಚಿನ್ನದ ಗಣಿಯ ಇಂಗ್ಲಿಷ್ ದೊರೆಗಳು ಕಟ್ಟಿಸಿದ್ದ ಹಳೆಯ ಬಂಗಲೆಯನ್ನು ಸರ್ಕಾರದ ಹಣದಲ್ಲಿ ದುರಸ್ತಿ ಮಾಡಿಸಿದರು. ಎದುರಿನ ಕೂಲಿಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಮುನಿಲಕ್ಷ್ಮಿ ಅಲ್ಲಿ ಬೇಸಿಗೆಯಿಡೀ ಗಾರೆ ಹೊತ್ತಳು. ಕೆಲಸ ಮುಗಿದ ಮೇಲೆ ಅದು ಪ್ರವಾಸಿಗರ ಅತಿಥಿಗೃಹವಾಯಿತು. ಅತ್ತೆ ಪೆದ್ದಮ್ಮನಿಗೆ ತೋರಿಸೋಣವೆಂದು ಕರೆದುಕೊಂಡು ಹೋದರೆ, ಕಾವಲುಗಾರ ಗೇಟಿನಲ್ಲೇ ತಡೆದ.

"ಬಾರೇ, ನಮ್ಮವ್ವನ ಕಾಲದಲ್ಲೂ ಇಂಗೇ ಇತ್ತಂತೆ," ಎಂದು ಪೆದ್ದಮ್ಮ ಹಿಂದಿರುಗಿದಳು.

ಮುನಿಲಕ್ಷ್ಮಿ ಕದಲಲಿಲ್ಲ. ಅತಿಥಿಗೃಹದ ಮೇಲ್ವಿಚಾರಕ ಕಾಂತರಾಜ್ ಹೊರಗೆ ಬಂದಾಗ, ದನಿ ಏರಿಸದೆ ಕೇಳಿದಳು: "ಸಾರ್, ಇದು ರಿಪೇರಿಯಾಗಿದ್ದು ಜನರ ದುಡ್ಡಲ್ಲಿ. ನಾನು ಬೆಂಕಿಪೊಟ್ಣ ಕೊಂಡ್ರೂ ಅದ್ರಲ್ಲಿ ತೆರಿಗೆ ಐತೆ. ರೂಮು ಬಂದೋರಿಗೇ ಇರ್ಲಿ. ಜಗಲೀನಾದ್ರೂ ವಾರಕ್ಕೊಂದಿನ ನಮಗೆ ಬಿಡ್ಬಾರ್ದಾ?"

ಕಾಂತರಾಜನ ತಾತನೂ ಗಣಿಗಿಳಿದವನೇ. ಮೇಲಿನವರ ಹತ್ತಿರ ಮಾತಾಡಿ, ಭಾನುವಾರದ ಮಧ್ಯಾಹ್ನ ಜಗಲಿಯನ್ನೂ ತೋಟವನ್ನೂ ಊರವರಿಗೆ ತೆರೆಸಿದ.

ಮೊದಲ ಭಾನುವಾರ ಪೆದ್ದಮ್ಮ ಬಂದು ನೆಲದ ಮೇಲೆ ಕೂತಳು. ಸೊಸೆ ಕೈಹಿಡಿದು ಎಬ್ಬಿಸಿ ಬೆತ್ತದ ಕುರ್ಚಿಯಲ್ಲಿ ಕೂರಿಸಿದಳು. ಮುದುಕಿ ನಿಧಾನವಾಗಿ ಬೆನ್ನೊರಗಿಸಿ ಎದುರು ಸಾಲಿನತ್ತ ನೋಡಿದಳು.

"ಇಲ್ಲಿಂದ ನಮ್ಮನೆ ಎಷ್ಟು ಸಣ್ಣಗೆ ಕಾಣ್ತದೆ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಬರೋ ವಾರ ಕಾಫಿ ಮಾಡ್ಕಂಡು ಬರಾಣ," ಎಂದಳು.