ತಂಗಿಯ ಮನೆಯ ಹಾರ್ಡ್ ಡಿಸ್ಕ್

ಅಂಗಡಿಯ ಬೂಟು ಚಪ್ಪಲಿ ಹೊಂದದವರಿಗೆ ಜೋಡು ಹೊಲಿದುಕೊಡುವುದು ಅವಳ ಕಸುಬು. ಒಂದು ಕಾಲು ಗಿಡ್ಡವಿದ್ದವರು, ಹೆಬ್ಬೆರಳ ಮೂಳೆ ಉಬ್ಬಿದವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು ದೂರದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ನಾನ್ನೂರ ಹನ್ನೆರಡು ಜನರ ಪಾದದ ನಕ್ಷೆ, ಎಲ್ಲಿ ಒತ್ತುತ್ತದೆ, ಎಲ್ಲಿ ಉರಿಯುತ್ತದೆ ಎಂಬ ಟಿಪ್ಪಣಿ, ಎಲ್ಲವೂ ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಇನ್ನೊಂದು ಪ್ರತಿ ತೆಗೆದಿಡು ಎಂದು ಗಂಡ ಹೇಳಿ ಹೇಳಿ ಸೋತಿದ್ದ. ನಾಳೆ ಮಾಡಿದರಾಯಿತು ಎನ್ನುತ್ತಲೇ ಅವಳು ಆರು ವರ್ಷ ದೂಡಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದ ಹಾಗೆ ಟಿಕ್ ಟಿಕ್ ಸದ್ದು ಬಂತು. ಪರದೆ ಕಪ್ಪಾಗಿಯೇ ಉಳಿಯಿತು. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ರಿಪೇರಿ ಅಂಗಡಿಗೆ ಒಯ್ದಳು.

ರಿಪೇರಿ ಅಂಗಡಿಯಾಕೆ ಡಿಸ್ಕನ್ನು ಬಿಚ್ಚಿ ತೆಗೆದು, ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

"ಗಾಬರಿ ಆಗ್ಬೇಡಿ. ಬರೆದಿಟ್ಟಿರೋ ತಟ್ಟೆ ಚೆನ್ನಾಗೇ ಇದೆ, ಅದನ್ನ ಓದೋ ಮುಳ್ಳು ಕೆಟ್ಟಿದೆ. ಇದೇ ಕಂಪನಿದು, ಇದೇ ಮಾದರಿ, ಇದೇ ತಿಂಗಳಲ್ಲಿ ತಯಾರಾಗಿರೋ ಡಿಸ್ಕ್ ಇನ್ನೊಂದು ಸಿಕ್ರೆ ಅದರ ಮುಳ್ಳು ಇದಕ್ಕೆ ಕೂರಿಸಿ ನೋಡ್ತೀನಿ."

ಅಂಥದ್ದು ಈಗ ಎಲ್ಲಿ ಸಿಗಬೇಕು? ಹಳೆ ಸಾಮಾನಿನ ಬೀದಿಯನ್ನು ಮೂರು ದಿನ ಜಾಲಾಡಿದಳು. ನಿಜ ಹೇಳಬೇಕೆಂದರೆ ಅದು ಎಲ್ಲಿದೆಯೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ತಂಗಿಯ ಮನೆಯಲ್ಲಿ. ಅಕ್ಕತಂಗಿಯರಿಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಥರದ ಲ್ಯಾಪ್‌ಟಾಪ್ ಕೊಂಡಿದ್ದರು. ಆದರೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ತಂಗಿಯ ಗಂಡನಿಗೆ ಹೊಲಿದುಕೊಟ್ಟ ಬೂಟು ಕಚ್ಚುತ್ತದೆ ಎಂದು ಆತ ಮೆಲ್ಲಗೆ ಹೇಳಿದ್ದ. ಬೂಟು ನೆಟ್ಟಗಿದೆ, ಕಾಲೇ ಸೊಟ್ಟ ಎಂದು ಇವಳು ಎಲ್ಲರೆದುರು ಅಂದುಬಿಟ್ಟಿದ್ದಳು. ಮಾತಿಗೆ ಮಾತು ಬೆಳೆದು ತಂಗಿ ಮುಖ ಊದಿಸಿಕೊಂಡು ಹೋಗಿದ್ದಳು.

ಗುರುವಾರ ಸಂಜೆ ಇವಳು ಅಭಿಮಾನವನ್ನು ಚೀಲಕ್ಕೆ ತುರುಕಿ ಎರಡು ಬೀದಿ ದಾಟಿದಳು. ತಂಗಿ ಬಾಗಿಲು ತೆರೆದು, ಒಳಗೂ ಕರೆಯದೆ ಹೊರಗೂ ತಳ್ಳದೆ ನಿಂತಳು. ಅಕ್ಕ ಹೊಸ್ತಿಲಲ್ಲೇ ಒಂದೇ ಉಸಿರಿಗೆ ಎಲ್ಲ ಒದರಿದಳು.

"ಕೊಡ್ತೀನಿ," ಎಂದಳು ತಂಗಿ. "ಮೊದಲು ನಮ್ಮವರ ಕಾಲು ಇನ್ನೊಂದ್ಸಲ ಅಳೆ."

ಆತ ಸಂಕೋಚದಿಂದ ಕುರ್ಚಿಯಲ್ಲಿ ಕೂತು ಕಾಲು ಚಾಚಿದ. ಇವಳು ನೆಲದ ಮೇಲೆ ಮಂಡಿಯೂರಿ ಅಳತೆ ಪಟ್ಟಿ ಸುತ್ತಿದಳು. ಬಲಗಾಲು ಎಡಗಾಲಿಗಿಂತ ಅರ್ಧ ಅಂಗುಲ ಉದ್ದವಿತ್ತು. ಆ ಬೂಟಿನ ಜೋಡಿ ತರಿಸಿ ನೋಡಿದರೆ ಉದ್ದವಾಗಿದ್ದದ್ದು ಎಡಗಡೆಯದು. ಅವಳು ನಾಲಿಗೆ ಕಚ್ಚಿಕೊಂಡಳು.

"ಎಡ ಬಲ ಅದಲು ಬದಲು ಬರ್ಕೊಂಡಿದ್ದೀನಿ. ತಪ್ಪು ನಂದೇ. ಇಷ್ಟು ದಿನ ಹಾಕ್ಕೊಂಡು ಓಡಾಡಿದ್ರಾ ಇದನ್ನ?"

"ನೀವು ಬೇಜಾರು ಮಾಡ್ಕೋತೀರಾ ಅಂತ, ಅಕ್ಕ," ಎಂದ ಆತ.

ತಂಗಿಗೆ ಮೊದಲು ನಗು ಬಂತು. ತಡೆಯಲು ಹೋಗಿ ಕೆಮ್ಮಿದಳು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಟು ತಿಂಗಳ ಸುದ್ದಿಯೆಲ್ಲ ಮುಗಿಯುವ ಹೊತ್ತಿಗೆ ಚಹಾ ಎರಡು ಸುತ್ತು ಆಗಿತ್ತು. ತಂಗಿ ತನ್ನ ಫೋಟೋ, ಪತ್ರಗಳನ್ನೆಲ್ಲ ಬೇರೆ ಕಡೆ ಇಳಿಸಿಕೊಂಡು ಲ್ಯಾಪ್‌ಟಾಪನ್ನು ಕೈಗಿತ್ತಳು. ಮುಳ್ಳು ತೆಗೆದ ಮೇಲೆ ಆ ಡಿಸ್ಕ್ ಉಪಯೋಗಕ್ಕೆ ಬರುವುದಿಲ್ಲವೆಂದರೂ ಹಿಂಜರಿಯಲಿಲ್ಲ.

ಮುಂದಿನ ವಾರ ರಿಪೇರಿಯಾಕೆಯ ಫೋನ್ ಬಂತು. ಮುನ್ನೂರ ತೊಂಬತ್ತೇಳು ಜನರ ಪಾದಗಳು ಹಾಗೇ ಸಿಕ್ಕಿದ್ದವು. ಹದಿನೈದು ಹೋಗಿದ್ದವು. ಅಕ್ಕತಂಗಿಯರಿಬ್ಬರೂ ರಿಪೇರಿ ಅಂಗಡಿಯ ಬಾಗಿಲಲ್ಲೇ ಅಪ್ಪಿಕೊಂಡರು. ಅಂದೇ ಎರಡು ಪ್ರತಿ ತೆಗೆಸಿ, ಒಂದನ್ನು ತಂಗಿಯ ಬೀರುವಿನಲ್ಲಿಟ್ಟರು.

ನಕ್ಷೆ ಕಳೆದುಹೋದ ಹದಿನೈದು ಜನರನ್ನು ಬಿಲ್ ಪುಸ್ತಕದಲ್ಲಿ ಹುಡುಕಿ, ಫೋನ್ ಮಾಡಿ ಕರೆಸಿದ್ದಾಯಿತು. ಶನಿವಾರ ಅಕ್ಕನ ಅಂಗಡಿಯ ಬೆಂಚು ತುಂಬಿತ್ತು. ಅಕ್ಕ ಕಾಲು ಅಳೆದು ಕೂಗಿ ಹೇಳಿದಳು, ತಂಗಿ ಬರೆದುಕೊಂಡಳು. ಪ್ರತಿ ಸಲವೂ, "ಎಡಗಾಲು ತಾನೆ?" ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ. ಕಾಯುತ್ತಿದ್ದವರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಸರದಿ ಬಂದಾಗ ಎರಡೂ ಕಾಲುಚೀಲ ಬಿಚ್ಚಿ, ಬೆರಳು ಆಡಿಸುತ್ತಾ, ಹೊಸ ಬೂಟು ಈ ಸಲ ಕೆಂಪು ಬಣ್ಣದ್ದೇ ಬೇಕು ಎಂದರು.