ಇಬ್ಬರು ಕೂತಾಗಿನ ಅಳತೆ

“ಅಕ್ಕ, ನೀವು ಇಳಿಬೇಡಿ. ನಿಮ್ಮ ತೂಕ ಬೇಕು ನಂಗೆ,” ಎಂದ ತೀರ್ಥೇಶ್.

ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟಿದ್ದ ಗಂಗಾಶ್ರೀ ಅದನ್ನು ಮತ್ತೆ ಒಳಗೆ ಎಳೆದುಕೊಂಡಳು. ಸೊರಬದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆಯ ಗ್ಯಾರೇಜು ಅದು. ಕಾರು ಎಷ್ಟು ತಗ್ಗಾಗಿತ್ತೆಂದರೆ ಸೀಟಿನಲ್ಲಿ ಕೂತವರಿಗೆ ಹೊರಗೆ ನಿಂತವರ ಸೊಂಟದಿಂದ ಮೇಲೆ ಏನೂ ಕಾಣುತ್ತಿರಲಿಲ್ಲ. ಗ್ರೀಸು ಮೆತ್ತಿದ ಪ್ಯಾಂಟು ತೀರ್ಥೇಶನದು. ಪಕ್ಕದಲ್ಲಿ, ಹಬ್ಬಕ್ಕೆಂದು ಇಸ್ತ್ರಿ ಮಾಡಿಸಿದ್ದು ತಮ್ಮ ನಾಗರಾಜನದು.

“ನಾನು ಮನೇಲಿ ಅಳೆದೀನಿ ಕಣಲೇ,” ಎಂದ ನಾಗರಾಜ. “ಇಪ್ಪತ್ತು ಎಂಎಂದು ಸರಿಯಾಗಿ ಕೂರ್ತದೆ.”

“ಖಾಲಿ ಗಾಡಿ ಅಳೆದೀಯ ಮಾರಾಯ. ನಮ್ಮ ಕಡೆ ಖಾಲಿ ಗಾಡಿ ಓಡಿಸೋರು ಯಾರಿದಾರೆ? ಬೈಕಲ್ಲೇ ನಾಕ್ ಜನ ಹೋಗ್ತಾರೆ. ಸ್ಪ್ರಿಂಗ್ ಕೂತ್ಮೇಲೆ ಅಳೆದ್ರೆ ಗೊತ್ತಾಗ್ತದೆ ನಿನ್ನ ಇಪ್ಪತ್ತು ಎಂತದು ಅಂತ.”

ಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ನಾಗರಾಜ ಬೆಳಿಗ್ಗೆ ಶಿಕಾರಿಪುರದಿಂದ ಬಂದಿದ್ದ. ಅವಳ ಮದುವೆಯಾದ ವರ್ಷದಿಂದ ಪ್ರತಿ ಶ್ರಾವಣಕ್ಕೂ ಅವನೇ ಬರುವುದು. ಮೊದಲೆಲ್ಲ ಬರುತ್ತಿದ್ದದ್ದು ಅಪ್ಪ ಪರಮಶಿವಪ್ಪನ ಪಂಪ್‌ಸೆಟ್ ಅಂಗಡಿಯ ಪಿಕಪ್ಪಿನಲ್ಲಿ. ಈ ಸಲ ಬಂದದ್ದು ಅವನೇ ಕೊಂಡ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನಲ್ಲಿ. ಚಿಕ್ಕಮಗಳೂರು ಕಡೆಯ ಯಾರೋ ಎಸ್ಟೇಟಿನವರು ಓಡಿಸಿ ಬಿಟ್ಟದ್ದು. ಬಣ್ಣ ಮಾಸಿತ್ತು, ಸೀಟಿನ ಚರ್ಮ ಅಲ್ಲಲ್ಲಿ ಬಿರಿದಿತ್ತು, ಆದರೂ ಎಂಜಿನ್ನು ಶುರುವಾದರೆ ಓಣಿಯ ಮಕ್ಕಳೆಲ್ಲ ಹೊರಗೆ ಬರುತ್ತಿದ್ದರು. ಒಂದು ಬಂಡಲ್ ಪೈಪು ಹಿಡಿಸದ ಗಾಡಿ ಗಾಡಿಯೇ ಅಲ್ಲ ಎಂದು ಅಪ್ಪ ಅದರ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದರಂತೆ.

ನಾಗರಾಜನಿಗೆ ಇದ್ದದ್ದು ಒಂದೇ ಕೊರಗು. ಚಕ್ರಗಳು ಬಾಡಿಯೊಳಗೆ ಸೇರಿಕೊಂಡಿದ್ದವು. “ಹಲ್ಲು ಉದುರಿದ ಮುದುಕನ ಗಲ್ಲ ಇದ್ದಂಗ ಐತೆ,” ಎಂದು ದಾರಿಯಲ್ಲಿ ಮೂರ್ನಾಲ್ಕು ಸಲ ಹೇಳಿದ್ದ. ಚಕ್ರಕ್ಕೂ ಅದು ಬೋಲ್ಟಾಗುವ ಹಬ್ ಎಂಬ ತಟ್ಟೆಗೂ ನಡುವೆ ಅಲ್ಯೂಮಿನಿಯಂನ ಒಂದು ದಪ್ಪ ಬಿಲ್ಲೆ ಕೂರಿಸಿದರೆ ಚಕ್ರ ಅಷ್ಟೇ ಹೊರಗೆ ಬರುತ್ತದೆ. ಸ್ಪೇಸರ್ ಎಂದರೆ ಅದು. ಶಿವಮೊಗ್ಗದಲ್ಲಿ ಕಾರು ಸಿಂಗರಿಸುವ ಅಂಗಡಿಯಲ್ಲಿದ್ದು ಈಗ ಊರಿಗೆ ಬಂದು ಗ್ಯಾರೇಜು ಹಾಕಿರುವ ಗೆಳೆಯ ತೀರ್ಥೇಶ್ ಎರಡು ಜೊತೆ ತರಿಸಿಟ್ಟಿದ್ದ. ಹನ್ನೆರಡು ಎಂಎಂನ ತೆಳುವಾದದ್ದು, ಇಪ್ಪತ್ತರ ದಪ್ಪನೆಯದು. ಎರಡೂ ಪಕ್ಕದ ಬೆಂಚಿನ ಮೇಲೆ ಹಳೇ ಪೇಪರ್ ಹಾಸಿನಲ್ಲಿ ಹೊಳೆಯುತ್ತಿದ್ದವು.

ತೀರ್ಥೇಶ್ ಗಾರೆಯವರ ತೂಗುಗುಂಡನ್ನು ಹಿಂದಿನ ಚಕ್ರದ ಮೇಲಿನ ಬಾಡಿ ಅಂಚಿಗೆ ಅಂಟಿಸಿ ಇಳಿಬಿಟ್ಟ. ದಾರ ನಿಂತ ಮೇಲೆ ಟೈರು ಎಷ್ಟು ಒಳಗಿದೆ ಎಂದು ಸ್ಕೇಲು ಹಿಡಿದ. ಬಾಗಿ ನೋಡಿ ಹುಬ್ಬು ಗಂಟಿಕ್ಕಿದ.

“ಎಡಗಡೆ ಇಷ್ಟ್ಯಾಕೆ ಕೂತಿದೆ? ಅಕ್ಕ ನೋಡಿದ್ರೆ ಗಾಳಿಗೆ ಹಾರಿ ಹೋಗೋ ಹಾಗಿದಾರೆ.”

“ಬ್ಯಾಗ್ ಐತಲ್ಲ ಸೀಟಿನ ಹಿಂದೆ. ಎತ್ತಿಡಾಕೆ ಹೋಗಿ ನನ್ನ ಸೊಂಟ ಹಿಡ್ಕಂತು,” ಎಂದು ನಾಗರಾಜ ನಕ್ಕ. “ಹಬ್ಬಕ್ಕೆ ಹೊಂಟಾಳೋ ಊರು ಬಿಟ್ಟು ಹೊಂಟಾಳೋ ಗೊತ್ತಿಲ್ಲ.”

ತೀರ್ಥೇಶನೂ ನಕ್ಕ. ಒಳಗೆ ಅವನ ಫೋನು ರಿಂಗಾಯಿತು. “ದಾರ ಅಲ್ಲಾಡಿಸ್ಬೇಡ, ಉದ್ದನೆ ಬೋಲ್ಟೂ ಹುಡುಕ್ಕೊಂಡು ಬರ್ತೀನಿ,” ಎಂದು ಶೆಡ್ಡಿನೊಳಗೆ ಹೋದ. ನಾಗರಾಜ ಪ್ಯಾಂಟಿನ ಗೆರೆ ಮುರಿಯದ ಹಾಗೆ ಎಳೆದುಕೊಂಡು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಗಂಗಾಶ್ರೀಗೆ ಈಗ ಅವನು ಪೂರ್ತಿ ಕಾಣದಾದ.

ಮುಂದಿನ ಗಾಜಿನಾಚೆ ಗ್ಯಾರೇಜಿನ ಗೋಡೆ, ಅದಕ್ಕೆ ಒರಗಿಸಿದ ಟೈರುಗಳು. ಅವಳು ಅದನ್ನೇ ನೋಡುತ್ತಿದ್ದಳು. ಹೇಳಬೇಕಾದ ಮಾತನ್ನು ಆಷಾಢದುದ್ದಕ್ಕೂ ಪಾತ್ರೆ ತೊಳೆಯುತ್ತ, ಬಟ್ಟೆ ಒಣಗಿಸುತ್ತ ಜೋಡಿಸಿದ್ದಳು. ಮೊದಲು ಇದು, ಆಮೇಲೆ ಅದು ಎಂದು. ಈಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನೆನಪಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ.

“ಎಲ್ಲಾ ತುಂಬಿದೀನಿ,” ಎಂದಳು.

“ಏನು?”

“ಬ್ಯಾಗಲ್ಲಿ. ನಂದು ಅಂತ ಅಲ್ಲಿ ಏನಿತ್ತೋ ಎಲ್ಲಾ ತುಂಬಿದೀನಿ. ನಾನು ವಾಪಸ್ ಹೋಗಲ್ಲ ನಾಗೂ.”

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಕಾರು ನಿಂತಲ್ಲೇ ಸಣ್ಣಗೆ ತೂಗಿತು.

“ಭಾವ ಹೊಡೆದ್ರಾ?”

“ಇಲ್ಲ.”

“ಮತ್ತೆ? ಏನಾದ್ರೂ ಅಂದ್ರಾ?”

“ಏನೂ ಅನ್ನಲ್ಲ. ಅದೇ. ಹೋದ ಪಂಚಮಿ ಮುಗಿಸ್ಕೊಂಡು ಬಂದ ಮೇಲೆ ಒಂದಿನ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ನಾನು ಬಡಿಸ್ತಾ ಇದ್ದೆ, ಎದುರಿಗೇ. ನಂಗೆ ಹೇಳ್ಲಿಲ್ಲ. ಅತ್ತೆಗೆ ಹೇಳಿದ್ರು, ಅವಳಿಗೆ ಹೇಳು ಉಪ್ಪು ಜಾಸ್ತಿ ಆಗೈತೆ ಅಂತ. ಅವತ್ತಿಂದ ಎಲ್ಲಾ ಹಂಗೇ. ಬಟ್ಟೆ ಬೇಕಂದ್ರೂ ಅತ್ತೆಗೆ, ಬಾಗಿಲು ಹಾಕು ಅಂದ್ರೂ ಅತ್ತೆಗೆ. ಅತ್ತೆ ಇಲ್ದಾಗ ಗೋಡೆಗೆ ಹೇಳ್ತಾರೆ.”

“ನನ್ನ ಜೊತೆ ಎಷ್ಟು ಚಂದ ಮಾತಾಡಿದ್ರಲ್ಲೇ ಬೆಳಿಗ್ಗೆ. ಮೈಲೇಜ್ ಎಷ್ಟು, ಇನ್ಶೂರೆನ್ಸ್ ಎಷ್ಟು ಅಂತ...”

“ನಿನ್ನ ಜೊತೆ ಮಾತಾಡ್ತಾರೆ. ಹಾಲಿನೋನ ಜೊತೆ, ದನದ ಜೊತೆ ಮಾತಾಡ್ತಾರೆ. ನಿಮ್ಮ ಯಜಮಾನ್ರು ಕೊಟ್ರೇಶಪ್ಪ ಎಷ್ಟು ಒಳ್ಳೆ ಮನುಷ್ಯ ಅಂತಾರೆ ಊರಲ್ಲಿ. ಸುಳ್ಳೇನಲ್ಲ.”

ಸ್ಕೇಲು ಕೆಳಗಿಟ್ಟ ಸದ್ದಾಯಿತು. ನಾಗರಾಜ ಕೇಳಿದ, “ಬಾಗಿಲ ಹತ್ರ ಬ್ಯಾಗ್ ಇಟ್ಟಾಳೆ, ಕಾಲಿಗೆ ಸಿಗ್ತದೆ ಅಂತ ಭಾವ ಬೆಳಿಗ್ಗೆ ನಿಮ್ಮತ್ತೆಗೆ ಹೇಳಿದ್ರಲ್ಲ. ನೀನು ಅಲ್ಲೇ ನಿಂತಿದ್ದಿ.”

“ಹ್ಞೂಂ.”

“ನಾನು ಅದನ್ನ ತಮಾಷೆ ಅನ್ಕಂಡೆ. ನಕ್ಕೆ ಬೇರೆ.”

ಅವನು ನಕ್ಕದ್ದನ್ನು ಅವಳೂ ನೋಡಿದ್ದಳು. ಅತ್ತೆ ಬ್ಯಾಗಿನ ಕಡೆ ಕಣ್ಣು ಹಾಯಿಸಿ, “ಮುಂದಿನ ಗುರುವಾರ ಕರ್ಕೊಂಡ್ ಬಂದು ಬಿಡಪ್ಪ, ಶುಕ್ರವಾರ ಬೇಡ,” ಎಂದಾಗ ಅದೇ ನಗುವಿನಲ್ಲೇ ಆಗಲಿ ಎಂದು ತಲೆಯಾಡಿಸಿದ್ದ.

“ಇದನ್ನ ಹಬ್ಬದ ದಿನಾನೇ ಹೇಳ್ಬೇಕಿತ್ತಾ ನೀನು?” ನಾಗರಾಜನ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಯಾರ ಮೇಲೆ ಎಂದು ಅವನಿಗೇ ತಿಳಿದಂತಿರಲಿಲ್ಲ. “ಫೋನಲ್ಲಾದ್ರೂ ಹೇಳಾದಲ್ವಾ. ಅಪ್ಪ ಏನು ಕೇಳ್ತಾರೆ ಗೊತ್ತಲ್ಲ. ಹೊಡೆದ್ನಾ, ಕುಡೀತಾನಾ, ಊಟಕ್ಕೆ ಕಮ್ಮಿ ಮಾಡಿದ್ನಾ ಅಂತಾರೆ.”

“ಮೂರಕ್ಕೂ ಇಲ್ಲ ಅನ್ಬೇಕು.”

“ಇಲ್ಲ ಅಂದ್ರೆ, ಮತ್ತೆ ಗುರುವಾರ ಬಿಟ್ಟು ಬಾ ಅಂತಾರೆ ನಂಗೆ.”

“ಅವರು ಹೇಳ್ತಾರೆ. ನೀನು ಬಿಟ್ಟು ಬರ್ತೀಯಾ?”

ನಾಗರಾಜ ಉತ್ತರ ಕೊಡುವ ಮೊದಲೇ ತೀರ್ಥೇಶ್ ಬೋಲ್ಟುಗಳ ಡಬ್ಬಿ ಕುಲುಕಿಸುತ್ತ ಬಂದ. ಚಕ್ರದ ಮುಂದೆ ಕೂತು, ದಾರ ಸರಿ ಮಾಡಿ, ದಪ್ಪನೆಯ ಸ್ಪೇಸರನ್ನು ಟೈರಿಗೆ ಒತ್ತಿ ಹಿಡಿದ. ಅದರ ಹೊರ ಅಂಚು ದಾರವನ್ನು ಮುಟ್ಟಿ ಅದನ್ನು ತುಸು ಹೊರಗೆ ತಳ್ಳಿತು.

“ನೋಡು. ಇಬ್ರು ಕೂತು, ಆ ಬ್ಯಾಗೂ ಇದ್ದು, ಒಂದು ಗುಂಡಿಗೆ ಇಳಿದ್ರೆ ಟೈರು ಮೇಲಿನ ಅಂಚಿಗೆ ಉಜ್ಜೇ ಉಜ್ತದೆ. ಹನ್ನೆರಡು ಹಾಕಿದ್ರೆ ಒಂಚೂರು ಜಾಗ ಉಳೀತದೆ. ಆದ್ರೆ ಹನ್ನೆರಡು ಹಾಕಿದ್ದು ಹೊರಗಿಂದ ಗೊತ್ತೇ ಆಗಲ್ಲ, ಅದನ್ನೂ ಈಗ್ಲೇ ಹೇಳ್ಬಿಡ್ತೀನಿ. ಆಮೇಲೆ ದುಡ್ಡು ದಂಡ ಆಯ್ತು ಅಂತ ನನ್ನ ಬೈಬೇಡ.”

ನಾಗರಾಜ ಆ ದಪ್ಪನೆಯ ಬಿಲ್ಲೆಯನ್ನೇ ನೋಡುತ್ತಿದ್ದ.

“ಎಂತಕ್ಕೆ ಮುಖ ಸಣ್ಣ ಮಾಡ್ತೀಯ? ವರ್ಷವೆಲ್ಲ ಒಬ್ನೇ ಓಡಿಸೋ ಗಾಡಿ ತಾನೆ? ಇಪ್ಪತ್ತೇ ಹಾಕ್ಕೋ. ಫೋಟೋದಲ್ಲಿ ಭರ್ಜರಿ ಕಾಣ್ತದೆ. ಅಕ್ಕ ಕೂರೋದು ಪಂಚಮಿಗೊಂದ್ಸಲ. ಕರ್ಕೊಂಡು ಹೋಗೋವಾಗ, ತಂದು ಬಿಡೋವಾಗ ಸ್ವಲ್ಪ ನಿಧಾನ ಹೋಗು, ಆಯ್ತು. ದಿನಾ ಇಬ್ರು ಓಡಾಡೋದು ಅಂದ್ರೆ ಮಾತ್ರ ಹನ್ನೆರಡು. ನೀನೇ ಹೇಳು.”

ನಾಗರಾಜ ಎದ್ದು ಬೆಂಚಿನ ಹತ್ತಿರ ಹೋದ. ಈಗ ಗಂಗಾಶ್ರೀಗೆ ಅವನು ಪೂರ್ತಿ ಕಂಡ. ದಪ್ಪನೆಯ ಬಿಲ್ಲೆಗಳಲ್ಲಿ ಇನ್ನೊಂದನ್ನು ಕೈಗೆತ್ತಿಕೊಂಡು ಅದರ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಎಷ್ಟೋ ತಿಂಗಳಿಂದ ಅವನು ಫೋನಿನಲ್ಲಿ ಇಂಥ ಚಕ್ರಗಳನ್ನೇ ನೋಡುತ್ತಿದ್ದ. ಅವಳಿಗೂ ಕಳಿಸುತ್ತಿದ್ದ. ಇದು ನೋಡು, ಇದು ಹೆಂಗೈತೆ ಎಂದು. ಅವಳು ಪ್ರತಿಯೊಂದಕ್ಕೂ ಚೆನ್ನಾಗಿದೆ ಎಂದು ಬರೆಯುತ್ತಿದ್ದಳು. ದಿನದಲ್ಲಿ ಅವಳನ್ನೇ ನೇರವಾಗಿ ಕೇಳಿದ ಪ್ರಶ್ನೆ ಅದೊಂದೇ ಇರುತ್ತಿತ್ತು.

ಬಿಲ್ಲೆಯನ್ನು ಪೇಪರಿನ ಮೇಲೆ ಮೆಲ್ಲಗೆ ಇಟ್ಟ.

“ಹನ್ನೆರಡು ಹಾಕು.”

“ಅಲ್ಲ ಮಾರಾಯ, ನಿನ್ನೆ ರಾತ್ರಿವರೆಗೂ ಇಪ್ಪತ್ತು ಇಪ್ಪತ್ತು ಅಂತ ತಲೆ ತಿಂದ್ಯಲ್ಲ.”

“ಹಾಕಲೇ ಅಂದ್ರೆ ಹಾಕು.”

ತೀರ್ಥೇಶ್ ಅವನ ಮುಖ ನೋಡಿದ, ಕಾರಿನೊಳಗೆ ನೋಡಿದ. ಗಂಗಾಶ್ರೀಗೆ ಇಳಿಯಲು ಹೇಳಿ ಜಾಕು ಕೊಟ್ಟ. ಅವಳು ಬೆಂಚಿನ ತುದಿಯಲ್ಲಿ ಕೂತಳು. ಒಂದೊಂದೇ ಚಕ್ರ ಕಳಚಿತು, ತುಕ್ಕು ಹಿಡಿದ ಹಬ್‌ನ ತಟ್ಟೆಯನ್ನು ತಂತಿಯ ಬ್ರಶ್ಶಿನಿಂದ ಉಜ್ಜಿದ್ದಾಯಿತು, ತೆಳು ಬಿಲ್ಲೆಗಳು ಟಕ್ ಎಂದು ಕೂತವು. ನಾಗರಾಜ ತಾನೇ ಪಾನಾ ಹಿಡಿದು ಬೋಲ್ಟು ಬಿಗಿದ. ಇಸ್ತ್ರಿಯ ಪ್ಯಾಂಟಿನ ಮಂಡಿಗೆ ಗ್ರೀಸು ಹತ್ತಿದ್ದನ್ನು ಅವನು ಗಮನಿಸಲಿಲ್ಲ. ಕಾರು ನೆಲಕ್ಕಿಳಿದಾಗ ಮೊದಲಿದ್ದ ಹಾಗೇ ಕಂಡಿತು.

“ಒಂದಿಷ್ಟು ಓಡಿಸಿ ಆಮೇಲೆ ತಗೊಂಡು ಬಾ. ಬೋಲ್ಟ್ ಮತ್ತೊಂದ್ಸಲ ಬಿಗೀಬೇಕು,” ಎಂದ ತೀರ್ಥೇಶ್. “ಹೆಂಗೂ ಅಕ್ಕನ್ನ ಬಿಡೋಕೆ ಬರ್ತೀಯಲ್ಲ.”

“ಶಿಕಾರಿಪುರದಲ್ಲೇ ಬಿಗಿಸ್ತೀನಿ,” ಎಂದು ನಾಗರಾಜ ಕಾರು ಹತ್ತಿದ.

ಕಾರು ಶಿರಾಳಕೊಪ್ಪ ದಾಟಿತು. ರಸ್ತೆ ಕಿತ್ತು ಹೋಗಿದ್ದ ಕಡೆ ಕಾರು ಕುಲುಕಿದಾಗಲೆಲ್ಲ ನಾಗರಾಜ ಕಿವಿಯನ್ನು ಹಿಂದಕ್ಕೆ ಕೊಡುತ್ತಿದ್ದ. ಉಜ್ಜಿದ ಸದ್ದು ಬರಲಿಲ್ಲ.

“ಅಪ್ಪಂಗೆ ನಾನು ಹೇಳಲ್ಲ,” ಎಂದ ಕೊನೆಗೆ. “ನಂಗೆ ಹೇಳಾಕೆ ಬರಲ್ಲ ಅದು. ಉಪ್ಪಿಂದು, ಗೋಡೆದು. ನೀನೇ ಹೇಳ್ಬೇಕು.”

“ಹೇಳ್ತೀನಿ.”

“ನಾನು ಅಲ್ಲೇ ಕೂತಿರ್ತೀನಿ. ಅವರು ಕೂಗಾಡಿದ್ರೂ ಎದ್ದು ಹೋಗಲ್ಲ.”

ಗಂಗಾಶ್ರೀ ತಲೆಯನ್ನು ಸೀಟಿಗೆ ಒರಗಿಸಿದಳು. ಕಣ್ಣು ಮುಚ್ಚಿದರೆ ನಿದ್ದೆ ಬಂದುಬಿಡುತ್ತದೆ ಎನ್ನಿಸಿತು.

ಮುಂದೆ ಒಂದು ಹಳೆಯ ಮೊಪೆಡ್ಡು ಹೋಗುತ್ತಿತ್ತು. ಓಡಿಸುತ್ತಿದ್ದವನ ತಲೆಗೆ ಟವೆಲ್ಲು ಸುತ್ತಿತ್ತು. ಹಿಂದೆ ಅಡ್ಡಲಾಗಿ ಕೂತವಳ ತೊಡೆಯ ಮೇಲೆ ಗಂಟು ಕಟ್ಟಿದ ಸ್ಟೀಲ್ ಡಬ್ಬಿ, ಕೈತುಂಬ ಹಸಿರು ಬಳೆ. ರಸ್ತೆಯ ಗುಂಡಿಗಳಲ್ಲಿ ಕೆಂಪು ನೀರು ನಿಂತಿತ್ತು. ನಾಗರಾಜ ಹಾರ್ನ್ ಒತ್ತಲಿಲ್ಲ, ಗೇರು ಇಳಿಸಿದ. ಆ ಹೆಂಗಸು ಒಮ್ಮೆ ತಿರುಗಿ, ನೆಲಕ್ಕಂಟಿಕೊಂಡು ಬರುತ್ತಿದ್ದ ಕಾರನ್ನು ನೋಡಿ, ಮುಂದಿದ್ದವನ ಭುಜ ತಟ್ಟಿ ಏನೋ ಹೇಳಿದಳು. ಅವನು ಮೊಪೆಡ್ಡನ್ನು ಅಂಚಿಗೆ ಸರಿಸಿ ಮುಂದೆ ಹೋಗಿ ಎಂದು ಕೈ ಬೀಸಿದ. ನಾಗರಾಜ ಹೋಗಲಿಲ್ಲ. ಶಿಕಾರಿಪುರದ ಮೊದಲ ಮನೆಗಳು ಕಾಣುವವರೆಗೂ ಕಾರು ಆ ಮೊಪೆಡ್ಡಿನ ಹಿಂದೆ, ಅದರ ವೇಗದಲ್ಲೇ ಹೋಯಿತು.