ಎಡ ಹೆಗಲಿನ ಸೆರಗು

ಧಾರಿಣಿಗೆ ಪೆನ್ಸಿಲ್ ಕಂಡರೆ ಎದೆ ನಡುಗುತ್ತದೆ ಎಂಬ ಸಂಗತಿ ನೋಯ್ಡಾದ ಆ ಡಿಸೈನ್ ಆಫೀಸಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೌಸ್ ಕೈಗೆ ಬಂದರೆ ಸಾಕು, ಹುಡುಗಿ ಪರದೆಯ ಮೇಲೆ ಅರಮನೆಯನ್ನೇ ಕಟ್ಟಿಬಿಡುವಳು. ಆದರೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅದಕ್ಕಲ್ಲ. ಮಾಲೀಕ ಇಂದುಶೇಖರ ಒಂದು ಕಾಲಕ್ಕೆ ದಾವಣಗೆರೆಯಲ್ಲಿ ಸಿನಿಮಾ ಬೋರ್ಡು ಬರೆದವರು. ಕೈಯಲ್ಲಿ ಗೆರೆ ಎಳೆಯಲಾರದವರನ್ನು ಡಿಸೈನರ್ ಎಂದು ಒಪ್ಪುವ ಪೈಕಿ ಅಲ್ಲ. ಅವಳ ಫೈಲಿನ ಏಳು ಪೆನ್ಸಿಲ್ ಚಿತ್ರ ನೋಡಿ, "ಈ ಕೈ ನನಗೆ ಬೇಕು" ಅಂದಿದ್ದರು. ಏಳಕ್ಕೆ ಏಳೂ ಫೋಟೋ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ತೆಗೆದವು.

ಇವತ್ತಿಗೆ ಮೂರು ತಿಂಗಳ ಪ್ರೊಬೇಷನ್ ಮುಗಿಯುತ್ತಿತ್ತು. ಕೆಲಸ ಖಾಯಂ ಹೌದೋ ಅಲ್ಲವೋ, ಸಂಜೆ ಹೇಳುತ್ತೇನೆ ಅಂದಿದ್ದರು. ಅಲ್ಲ ಎಂದಾದರೆ ದೆಹಲಿಯ ರೋಹಿಣಿ ಬಡಾವಣೆಯ ಬಾಡಿಗೆ ಕೋಣೆ ಖಾಲಿ ಮಾಡಿ ತುಮಕೂರಿನ ಹಾದಿ ಹಿಡಿಯಬೇಕು.

ನಾಲ್ಕು ಗಂಟೆಗೆ ದೆಹಲಿಯ ಇನ್ನೊಂದು ಬದಿಯ ದ್ವಾರಕಾದಿಂದ ಮಾಚಮ್ಮ ಬಂದರು. ನಿವೃತ್ತ ಕರ್ನಲ್ ಒಬ್ಬರ ಹೆಂಡತಿ. ದೆಹಲಿಯ ಕೊಡವರೆಲ್ಲ ಸೇರುವ ಹುತ್ತರಿ ಹಬ್ಬದ ಆಮಂತ್ರಣ ಅವರ ಹೊಣೆ. ಐದಕ್ಕೆ ಅದರ ಸಿಡಿ ಓಖ್ಲಾದ ಪ್ರೆಸ್ಸಿಗೆ ಹೊರಡಬೇಕು. ಕಾರ್ಡಿನ ಎರಡು ಬದಿಗೆ ಕೊಡಗಿನ ಸೀರೆಯುಟ್ಟ ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿ ದೀಪದ ತಟ್ಟೆ.

ಮಾಚಮ್ಮ ಕನ್ನಡಕ ಏರಿಸಿ ನೋಡಿದರು. ಎಡಗಡೆಯವಳನ್ನು ನೋಡಿ ನಕ್ಕರು. ಬಲಗಡೆಗೆ ಬರುತ್ತಲೇ ನಗು ನಿಂತಿತು.

"ಇವಳು ಯಾರು?"

"ಅವಳೇ ಆಂಟಿ. ನೀವು ಕೊಟ್ಟ ಫೋಟೋದವಳೇ."

"ಅಲ್ಲ ಮಗಳೇ. ನಮ್ಮ ಸೆರಗು ಬಲ ಹೆಗಲಿನ ಮೇಲೆ ಬರ್ತದೆ. ಇವಳದ್ದು ಎಡಕ್ಕುಂಟು. ಇದನ್ನು ಕಳಿಸಿದ್ರೆ ಇಡೀ ದೆಹಲಿ ನನ್ನ ಮುಖಕ್ಕೇ ನಗ್ತದೆ."

ಧಾರಿಣಿ ಒಬ್ಬಳನ್ನು ಮಾಡಿ, ಅವಳನ್ನೇ ಕನ್ನಡಿಯಲ್ಲಿ ಕಂಡಂತೆ ತಿರುವಿ ಆಚೆ ಬದಿಗೆ ನಿಲ್ಲಿಸಿದ್ದಳು. ಎರಡು ಕ್ಲಿಕ್ಕಿನ ಕೆಲಸ. ಅಜ್ಜಿ ಹೇಳುತ್ತಿದ್ದ ಕತೆಯಲ್ಲೂ ಕನ್ನಡಿಯೊಳಗಿನ ಮಾಯಾವಿ ಹೊರಗೆ ಬಂದು ರಾಣಿಯಾಗಿ ಕೂರುತ್ತಾಳೆ. ಮಗುವನ್ನು ಎತ್ತಿಕೊಂಡ ಸೊಂಟ ಎಡ ಹೋಗಿ ಬಲವಾದದ್ದನ್ನು ನೋಡಿ ಮುದುಕಿ ದಾಸಿಯೊಬ್ಬಳು ಅವಳನ್ನು ಹಿಡಿಯುತ್ತಾಳೆ. ನೂರು ಸಲ ಕೇಳಿದ ಕತೆ. ಕೇಳಿ ಏನು ಬಂತು?

"ತಿರುಗಿಸಿ ಅಂಟಿಸಿದ್ಯಾ?" ಇಂದುಶೇಖರ ಹಿಂದೆಯೇ ನಿಂತಿದ್ದರು. ಕೈ ಚಾಚಿ ಮಾನಿಟರ್ ಆರಿಸಿದರು. ಬಿಳಿ ಹಾಳೆ, ಪೆನ್ಸಿಲ್ ತಂದು ಅವಳ ಮುಂದಿಟ್ಟರು. "ಕೈಯಲ್ಲಿ ಬರೆದಿದ್ರೆ ಈ ತಪ್ಪು ಆಗ್ತಿರಲಿಲ್ಲ. ಚಲೋ, ಬರಿ. ಹತ್ತು ನಿಮಿಷ. ಫೈಲಿನಲ್ಲಿ ಬರೆದ ಕೈಗೆ ಇದ್ಯಾವ ಲೆಕ್ಕ?"

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಧಾರಿಣಿ ಪೆನ್ಸಿಲ್ ಎತ್ತಿಕೊಂಡಳು. ಒಂದು ಗೆರೆ ಎಳೆದಳು. ಅದು ಹೆಗಲೂ ಅಲ್ಲ, ಬೆಟ್ಟವೂ ಅಲ್ಲ. ಹೊಟ್ಟೆನೋವು ಅಂದುಬಿಡಲೇ? ಸರ್ ಕಣ್ಣು ಆ ಗೆರೆಯ ಮೇಲೇ ಇತ್ತು.

"ಸರ್, ಫೈಲಿನ ಚಿತ್ರ ನನ್ನವಲ್ಲ. ಟ್ರೇಸ್ ಮಾಡಿದ್ದು."

ಹೇಗೂ ಮುಳುಗಿತು ಎಂಬ ಧೈರ್ಯದಲ್ಲಿ ಅವಳೇ ಮುಂದುವರಿಸಿದಳು. "ಈ ಮೂರು ತಿಂಗಳಲ್ಲಿ ಹದಿನೆಂಟು ಕೆಲಸ ಮುಗಿಸಿಕೊಟ್ಟೆ. ಒಂದಕ್ಕೂ ಪೆನ್ಸಿಲ್ ಬೇಕಾಗಲಿಲ್ಲ."

"ಹತ್ತೊಂಬತ್ತನೇದಕ್ಕೆ ಬೇಕಾಯ್ತಲ್ಲ," ಅಂದರು ಇಂದುಶೇಖರ. ದನಿ ಏರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅಚ್ಛಾ, ನಿಮ್ಮ ಪಂಚಾಯ್ತಿ ಆಮೇಲೆ," ಎಂದು ಮಾಚಮ್ಮ ಎದ್ದರು. ಶಾಲು ಕುರ್ಚಿಗೆ ಎಸೆದರು. ಅವರು ಉಟ್ಟದ್ದೂ ಕೊಡಗಿನ ಸೀರೆಯೇ. "ನೋಡಿಲ್ಲಿ. ನೆರಿಗೆ ಹಿಂದೆ. ಸೆರಗು ಎಡ ಕಂಕುಳ ಕೆಳಗಿಂದ ಬಂತು, ಎದೆ ಮೇಲೆ ಹಾದು ಬಲ ಹೆಗಲಿಗೆ ಏರಿತು, ಇಲ್ಲಿ ಪಿನ್ನು. ಫೋಟೋ ಬಿಡು, ನನ್ನನ್ನು ನೋಡು."

ಧಾರಿಣಿ ನೋಡಿದಳು. ಕಂಕುಳ ಕೆಳಗೆ ಬಟ್ಟೆ ಬಿಗಿಯುವ ಜಾಗ, ಹೆಗಲ ಮೇಲೆ ಮಡಿಕೆ ಕೂರುವ ಬಗೆ. ಎರಡು ವಾರ ಪರದೆಯ ಮೇಲೆ ಆ ಫೋಟೋದ ಅಂಚು ಕತ್ತರಿಸಿದ್ದಳು, ಇದೊಂದನ್ನೂ ಕಂಡಿರಲಿಲ್ಲ. ಕೈ ಎಳೆಯಿತು, ಅಳಿಸಿತು, ಮತ್ತೆ ಎಳೆಯಿತು.

ಹಾಳೆಯ ಮೇಲೆ ನಿಂತವಳ ಕತ್ತು ಸೊಟ್ಟ, ಒಂದು ತೋಳು ಉದ್ದ.

"ಅಯ್ಯೋ, ಇಷ್ಟು ದಪ್ಪ ಇದ್ದೇನಾ!" ಮಾಚಮ್ಮ ಹಾಳೆಯನ್ನು ದೂರ ಹಿಡಿದರು. "ಇರಲಿ. ಇವಳು ನಮ್ಮವಳೇ."

ಇಂದುಶೇಖರ ಮಾನಿಟರ್ ಹಾಕಿದರು. "ಇದನ್ನು ಪಕ್ಕದಲ್ಲಿಟ್ಟುಕೊಂಡು ಬಲಗಡೆಯವಳನ್ನು ಹೊಸದಾಗಿ ಮಾಡು."

ಐದಕ್ಕೆ ಎರಡು ನಿಮಿಷ ಇರುವಾಗ ಸಿಡಿ ಹೊರಟಿತು, ಹಿಂದೆಯೇ ಮಾಚಮ್ಮ. ಧಾರಿಣಿ ಚೀಲಕ್ಕೆ ಟಿಫಿನ್ ಡಬ್ಬಿ ತುಂಬತೊಡಗಿದಳು. ಯಾರೂ ಹೋಗೆನ್ನುವ ಮೊದಲೇ ಹೋಗುವುದು ಮೇಲು.

ಇಂದುಶೇಖರ ಅವಳ ಫೈಲು ಬಿಚ್ಚಿ ಏಳು ಚಿತ್ರಗಳನ್ನು ಒಂದೊಂದಾಗಿ ಕಸದ ಬುಟ್ಟಿಗೆ ಹಾಕಿದರು. ಖಾಲಿಯಾದ ಮೊದಲ ಪ್ಲಾಸ್ಟಿಕ್ ಜೇಬಿಗೆ ಆ ಸೊಟ್ಟ ಕತ್ತಿನವಳನ್ನು ತೂರಿಸಿ ಫೈಲನ್ನು ಅವಳತ್ತ ತಳ್ಳಿದರು.

"ಖಾಯಂ ಇಲ್ಲ. ಸುಳ್ಳು ಹೇಳಿದ್ದೀಯ. ಇನ್ನೂ ಮೂರು ತಿಂಗಳು ಪ್ರೊಬೇಷನ್. ಉಳಿದ ಆರು ಜೇಬು ಅಷ್ಟರಲ್ಲಿ ತುಂಬಬೇಕು, ಎಷ್ಟು ಸೊಟ್ಟಗಾದರೂ ಪರವಾಗಿಲ್ಲ."

ಧಾರಿಣಿ ಡಬ್ಬಿಯನ್ನು ಚೀಲದಿಂದ ಹೊರತೆಗೆದಳು. ಏಕೆ ತೆಗೆದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಮೇಜಿನ ಮೇಲಿಟ್ಟು, ಪೆನ್ಸಿಲ್ ಹಿಡಿದು, ಡಬ್ಬಿಯ ಆಕಾರವನ್ನೇ ನೋಡುತ್ತ ಕೂತಳು.